ಹೊಸ ಫ್ಯೂಯೆಲ್ ಪಂಪ್ ಹಾಕಿಸಿದ ಮೇಲೂ ಎಂಜಿನ್ ತಡವರಿಸುತ್ತಿದ್ದರೆ: ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಫ್ಯೂಯೆಲ್ ಪಂಪ್ ಬದಲಾಯಿಸಿದ ಪೆಟ್ರೋಲ್ ಕಾರು ಮೊದಲ ಸೆಲ್ಫಿಗೇ ಸ್ಟಾರ್ಟ್ ಆಗಿ, ಅಂಗಳದಲ್ಲಿ ನಿಂತಿರುವಾಗ ಯಾವ ದೋಷವನ್ನೂ ತೋರಿಸದೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಏರು ಹತ್ತುವಾಗ ಮಾತ್ರ ಆಕ್ಸಿಲರೇಟರ್ ಒತ್ತಿದಂತೆಲ್ಲ ತಡವರಿಸುವುದು ಅಪರೂಪದ ಸಂಗತಿಯಲ್ಲ. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಹೊಸ ಪಂಪೇ ಕೆಟ್ಟದ್ದು ಎನ್ನುವವರಿದ್ದಾರೆ. ಪಂಪ್ ಹೊಸತಾಗಿರುವಾಗ ದೋಷ ಬೇರೆಲ್ಲಿಯೋ ಇರಬೇಕು ಎನ್ನುವವರೂ ಇದ್ದಾರೆ. ಅಳತೆ ಮಾಡದೆ ಇವೆರಡನ್ನೂ ನಂಬುವಂತಿಲ್ಲ. ದೋಷ ಕಾಣಿಸಿಕೊಳ್ಳುವ ಕ್ಷಣದಲ್ಲಿಯೇ, ಅಂದರೆ ಎಂಜಿನ್ ಮೇಲೆ ಭಾರ ಬಿದ್ದಿರುವಾಗಲೇ, ಪೆಟ್ರೋಲಿನ ಒತ್ತಡವನ್ನೂ ಪಂಪಿಗೆ ತಲುಪುವ ವೋಲ್ಟೇಜನ್ನೂ ಅಳೆಯುವ ತನಕ ಇನ್ನೊಂದು ಬಿಡಿಭಾಗಕ್ಕೆ ಹಣ ಕೊಡಬಾರದೆಂಬುದು ಈ ಬರಹದ ಮುಖ್ಯ ಮಾತು. ಮಂಜೇಶ್ವರ, ಕುಂಬಳೆ, ಮುಳ್ಳೇರಿಯದ ಕಡೆಯವರು ಅನೇಕ ಬಿಡಿಭಾಗಗಳನ್ನು ಮಂಗಳೂರಿನಿಂದ ತರಿಸಬೇಕಾಗುತ್ತದೆ. ಒಮ್ಮೆ ಜೋಡಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವುದು ಕಡಿಮೆ. ಊಹೆಯ ಮೇಲೆ ಇನ್ನೊಂದು ಪಂಪ್ ತರಿಸುವುದು ಎಲ್ಲ ಪರೀಕ್ಷೆಗಳಿಗಿಂತ ದುಬಾರಿಯ ಪರೀಕ್ಷೆಯಾಗುತ್ತದೆ.

ಇಲ್ಲಿ ಹೇಳುವುದೆಲ್ಲ ಟ್ಯಾಂಕಿನ ಒಳಗೇ ವಿದ್ಯುತ್ ಪಂಪ್ ಇರುವ, ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಉಳ್ಳ ಎಂಪಿಎಫ್‌ಐ ಪೆಟ್ರೋಲ್ ಕಾರುಗಳಿಗೆ ಅನ್ವಯಿಸುತ್ತದೆ. ಡೀಸೆಲ್ ಕಾಮನ್ ರೈಲ್ ಎಂಜಿನ್ನಿನಲ್ಲಿಯೂ, ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ ಎಂಜಿನ್ನಿನಲ್ಲಿಯೂ ಎರಡನೆಯದೊಂದು ಅಧಿಕ ಒತ್ತಡದ ಪಂಪ್ ಇರುತ್ತದೆ. ಅಲ್ಲಿನ ಒತ್ತಡ ನೂರಾರು ಬಾರ್‌ಗಳಿಗೆ ಏರುವುದರಿಂದ ಆ ಪೈಪುಗಳನ್ನು ಮನೆಯಲ್ಲಿ ಬಿಚ್ಚುವುದು ಪ್ರಾಣಕ್ಕೇ ಅಪಾಯ. ಅವುಗಳನ್ನು ಬಲ್ಲವರಿಗೇ ಬಿಡಬೇಕು.

ದೋಷ ಹಳೆಯದೋ ಹೊಸದೋ

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಈ ತಡವರಿಕೆ ಪಂಪ್ ಬದಲಾಯಿಸುವುದಕ್ಕೆ ಮುಂಚೆಯೂ ಇತ್ತೇ ಎಂಬುದನ್ನು ನೆನಪಿಸಿಕೊಳ್ಳಬೇಕು. ಅದೇ ದೋಷಕ್ಕಾಗಿ ಪಂಪ್ ಬದಲಾಯಿಸಿದ್ದು, ದೋಷ ಕಿಂಚಿತ್ತೂ ಬದಲಾಗದೆ ಉಳಿದಿದ್ದರೆ, ಹಳೆಯ ಪಂಪ್ ಬಹುಶಃ ನಿರಪರಾಧಿ. ವೈರಿಂಗ್, ಫಿಲ್ಟರ್, ಇಗ್ನಿಷನ್ ಅಥವಾ ಗಾಳಿ ಒಳಬರುವ ದಾರಿಯನ್ನು ಅನುಮಾನಿಸಬೇಕು. ಕಾರು ಸ್ಟಾರ್ಟೇ ಆಗದಿದ್ದುದರಿಂದ ಪಂಪ್ ಬದಲಾಯಿಸಿ, ಈಗ ಸ್ಟಾರ್ಟ್ ಆಗಿ ತಡವರಿಸುತ್ತಿದ್ದರೆ, ಜೋಡಣೆಯ ಕೆಲಸದಲ್ಲಿಯೇ ಏನೋ ತಪ್ಪಿರುವ ಸಾಧ್ಯತೆ ಹೆಚ್ಚು. ಕೆಲವು ವಾರ ಚೆನ್ನಾಗಿ ಓಡಿ ಮತ್ತೆ ಕೆಟ್ಟಿದ್ದರೆ ಟ್ಯಾಂಕಿನ ಕೊಳೆ, ನೀರು ಬೆರೆತ ಪೆಟ್ರೋಲ್, ಇಲ್ಲವೇ ಹೊಸ ಪಂಪನ್ನೂ ಸುಡುತ್ತಿರುವ ಸಡಿಲ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಮೊದಲು ನೋಡಬೇಕಾದವು. ಈ ಮೂರು ಸಂದರ್ಭಗಳಲ್ಲಿ ನಿಮ್ಮದು ಯಾವುದೆಂದು ತಿಳಿದರೆ ಮುಂದಿನ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ತಡವರಿಕೆ ಯಾವಾಗ, ಹೇಗೆ

‘ಗಾಡಿ ಮಿಸ್ಸಿಂಗ್’, ‘ಪಿಕಪ್ ಇಲ್ಲ’ ಎಂಬಷ್ಟನ್ನೇ ಹೇಳಿದರೆ ಮೆಕ್ಯಾನಿಕ್ ಊಹೆ ಮಾಡಬೇಕಾಗುತ್ತದೆ. ದೋಷದ ಸ್ವಭಾವವನ್ನು ಒಂದೆರಡು ದಿನ ಗಮನಿಸಿ ಬರೆದಿಟ್ಟುಕೊಳ್ಳುವುದು ಅತ್ಯಂತ ಉಪಯುಕ್ತವಾದ ಕೆಲಸ. ಅದಕ್ಕೆ ಖರ್ಚೂ ಇಲ್ಲ.

ಪೆಡಲ್ ಒತ್ತಿದ ಮೊದಲ ಕ್ಷಣದಲ್ಲಿ ಮಾತ್ರ ಎಂಜಿನ್ ಹಿಂಜರಿದು, ಆಮೇಲೆ ಪೂರ್ಣ ಶಕ್ತಿಯಿಂದ ಎಳೆಯುವುದಾದರೆ ಪೆಟ್ರೋಲಿನ ಒಟ್ಟು ಪೂರೈಕೆ ಸಾಲುತ್ತಿದೆ ಎಂದರ್ಥ. ಅಲ್ಲಿ ಥ್ರಾಟಲ್ ಸೆನ್ಸರ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು ಎಷ್ಟು ತೆರೆದಿದೆಯೆಂದು ಅಳೆಯುವುದು), ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ) ಗಾಳಿ ಸೋರಿಕೆ, ಸ್ಪಾರ್ಕ್ ಪ್ಲಗ್ ಮುಂತಾದವು ಅನುಮಾನಕ್ಕೆ ಬರುತ್ತವೆ. ಇದಕ್ಕೆ ವಿರುದ್ಧವಾಗಿ, ಆರಂಭದಲ್ಲಿ ಚೆನ್ನಾಗಿ ಎಳೆದು, ಮೂರನೆಯ ಗೇರಿನಲ್ಲಿ ಏರು ಹತ್ತುತ್ತ ಹೋದಂತೆ ಶಕ್ತಿ ಕುಂದಿ, ಪೆಡಲನ್ನು ಸ್ವಲ್ಪ ಬಿಟ್ಟಾಗ ಚೇತರಿಸಿಕೊಳ್ಳುವ ಎಂಜಿನ್ನಿಗೆ ಪೆಟ್ರೋಲ್ ಸಾಕಾಗುತ್ತಿಲ್ಲ. ಇಂಜೆಕ್ಟರುಗಳು ಖರ್ಚು ಮಾಡುವ ವೇಗದಲ್ಲಿ ಪಂಪ್ ಪೂರೈಸಲಾರದಾಗಿದೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕೆಳಗಿಳಿದಾಗ ಮಾತ್ರ, ಅದರಲ್ಲಿಯೂ ತಿರುವುಗಳಲ್ಲಿ ಮತ್ತು ಏರುಗಳಲ್ಲಿ ಮಾತ್ರ ತಡವರಿಸುವುದಾದರೆ, ಪಂಪಿನ ಕೆಳಗಿನ ಜಾಳಿಗೆ ಟ್ಯಾಂಕಿನ ತಳಕ್ಕೆ ಸರಿಯಾಗಿ ತಾಗುತ್ತಿಲ್ಲ ಅಥವಾ ಪಂಪಿನ ಸುತ್ತ ಪೆಟ್ರೋಲನ್ನು ಹಿಡಿದಿಡುವ ಬಟ್ಟಲು ತುಂಬುತ್ತಿಲ್ಲ. ಅರ್ಧ ಗಂಟೆ ಓಡಿದ ಮೇಲೆ ದೋಷ ಆರಂಭವಾಗಿ, ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿಯನ್ನು ಒಳಗೆಳೆದುಕೊಳ್ಳುವ ಸದ್ದು ಜೋರಾಗಿ ಕೇಳಿ, ಮುಚ್ಚಳ ತೆರೆದ ಬಳಿಕ ಸ್ವಲ್ಪ ದೂರ ಸರಿಯಾಗಿ ಓಡಿದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆ. ಮಳೆ ಬಂದ ದಿನ ಮಾತ್ರ ಕಾಣಿಸುವ ಮಿಸ್ಸಿಂಗ್ ಹೆಚ್ಚಿನ ಸಂದರ್ಭಗಳಲ್ಲಿ ಇಗ್ನಿಷನ್ ಕಾಯಿಲ್ ಅಥವಾ ಪ್ಲಗ್ ವೈರಿನದ್ದು. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಇದನ್ನು ಪಂಪಿನ ದೋಷವೆಂದು ತಿಳಿಯುವ ಅಪಾಯ ಸದಾ ಇದೆ. ಯಾರೋ ಕೀ ಆಫ್ ಮಾಡಿ ಆನ್ ಮಾಡಿದಂತೆ ಒಮ್ಮೆಲೇ ಕಡಿದು ಮತ್ತೆ ಹಿಡಿಯುವ ಜರ್ಕ್ ಆದರೆ ರಿಲೇ (ಪಂಪಿಗೆ ಕರೆಂಟ್ ಬಿಡುವ ವಿದ್ಯುತ್ ಸ್ವಿಚ್), ಕಪ್ಲರ್ ಅಥವಾ ಅರ್ತ್ (ಕಾರಿನ ಲೋಹದ ದೇಹಕ್ಕೆ ಸೇರುವ ಋಣ ಸಂಪರ್ಕ) ಸಡಿಲವಾಗಿರಬೇಕು.

ಎಂಜಿನ್ನಿನ ಆರ್‌ಪಿಎಂ ಏರಿಯೂ ಕಾರಿನ ವೇಗ ಏರದಿದ್ದರೆ ಅದು ಕ್ಲಚ್ ಜಾರುತ್ತಿರುವುದು. ಪೆಟ್ರೋಲಿಗೂ ಅದಕ್ಕೂ ಸಂಬಂಧವಿಲ್ಲ.

ಬೆಂಕಿಯ ಎಚ್ಚರಿಕೆ

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ಮೇಲೇರಿ ಚದುರದೆ ನೆಲದ ಮೇಲೆ ಹರಡಿ, ತಗ್ಗಿನ ಜಾಗಗಳಲ್ಲಿ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಬಚ್ಚಲಿನ ಒಲೆ ಬೆಳಗಿನಿಂದಲೇ ಉರಿಯುತ್ತಿರುತ್ತದೆ. ಕಾರು ನಿಲ್ಲಿಸುವ ಮಾಡು ಅದರ ಪಕ್ಕದಲ್ಲಿಯೇ ಇರುವುದೂ ಉಂಟು. ಅಂಥಲ್ಲಿ ಪೆಟ್ರೋಲ್ ಪೈಪನ್ನು ಬಿಚ್ಚಲೇಬಾರದು. ಅಂಗಳದ ನಡುವೆ, ಒಲೆ, ಬಾವಿ, ಹೊಂಡಗಳಿಂದ ದೂರದಲ್ಲಿ, ಗಾಳಿಯಾಡುವ ಕಡೆ ಕಾರನ್ನು ನಿಲ್ಲಿಸಿ, ಒಣ ಪುಡಿಯ ಅಗ್ನಿಶಾಮಕವನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ವೈರ್ ಎಳೆದು ತಂದ ಬಲ್ಬನ್ನು ಬೆಳಕಿಗೆ ಬಳಸಬಾರದು. ಕಣ್ಣಿಗೆ ಕನ್ನಡಕ, ಕೈಗೆ ಪೆಟ್ರೋಲ್ ತಡೆಯುವ ಗ್ಲೌಸ್ ಇರಲಿ.

ಪೈಪ್ ಬಿಚ್ಚುವ ಮೊದಲು ಒತ್ತಡವನ್ನು ಇಳಿಸಬೇಕು. ಫ್ಯೂಯೆಲ್ ಪಂಪಿನ ರಿಲೇ ಅಥವಾ ಫ್ಯೂಸನ್ನು ಕಿತ್ತು, ಎಂಜಿನನ್ನು ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವ ತನಕ ಓಡಲು ಬಿಟ್ಟು, ಮತ್ತೆ ಒಂದೆರಡು ಬಾರಿ ಸೆಲ್ಫ್ ಹೊಡೆದರೆ ಪೈಪಿನಲ್ಲಿ ಉಳಿದ ಒತ್ತಡ ಖರ್ಚಾಗುತ್ತದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆದು, ಬಿಚ್ಚುವ ಜಾಗಕ್ಕೆ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಬೇಕು. ಎಂಜಿನ್ ಬಿಸಿಯಾಗಿರುವಾಗ ಈ ಕೆಲಸ ಬೇಡ.

ಉಪಕರಣವಿಲ್ಲದೆ ನೋಡಬಹುದಾದದ್ದು

ಇಗ್ನಿಷನ್ ಕೀಯನ್ನು ಆನ್‌ಗೆ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗಿನಿಂದ ಸುಮಾರು ಎರಡು ಸೆಕೆಂಡು ಪಂಪಿನ ಸದ್ದು ಕೇಳಬೇಕು. ಸದ್ದು ಏಕರೀತಿಯಾಗಿದ್ದರೆ ಒಳ್ಳೆಯದು; ಕೀರಲು ಅಥವಾ ಏರಿಳಿತ ಇದ್ದರೆ ಪಂಪ್ ಗಾಳಿ ಎಳೆಯುತ್ತಿದೆ ಅಥವಾ ಜಾಳಿಗೆ ಕಟ್ಟಿಕೊಂಡಿದೆ. ಆದರೆ ಸದ್ದು ಕೇಳುತ್ತದೆಂಬ ಒಂದೇ ಕಾರಣಕ್ಕೆ ಪಂಪ್ ಸರಿಯಿದೆ ಎನ್ನುವುದು ಗ್ಯಾರೇಜುಗಳಲ್ಲಿ ದಿನವೂ ನಡೆಯುವ ತಪ್ಪು. ಧನ ಮತ್ತು ಋಣ ವೈರುಗಳು ಅದಲುಬದಲಾಗಿ ಪಂಪ್ ಹಿಮ್ಮುಖವಾಗಿ ತಿರುಗಿದರೂ ಸದ್ದು ಬರುತ್ತದೆ; ಒತ್ತಡ ಮಾತ್ರ ಬರುವುದಿಲ್ಲ.

ಪಂಪ್ ಬದಲಾಯಿಸುವ ಭರದಲ್ಲಿ ಕದಲಿಸಿದ ಇತರ ಭಾಗಗಳನ್ನೂ ನೋಡಬೇಕು. ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಕೊಳವೆಯ ಕ್ಲಿಪ್ ಬಿಗಿಯಾಗಿದೆಯೇ, ಸಣ್ಣ ವ್ಯಾಕ್ಯೂಮ್ ಹೋಸ್ ಯಾವುದಾದರೂ ಕಳಚಿಕೊಂಡಿದೆಯೇ, ಟ್ಯಾಂಕಿನ ಆವಿ ಹೋಗುವ ಪೈಪ್ ಮಡಿಚಿಕೊಂಡಿದೆಯೇ, ಪಂಪಿನ ಫ್ಯೂಸ್ ಡಬ್ಬಿಯ ಮುಚ್ಚಳದಲ್ಲಿ ನಮೂದಿಸಿದಷ್ಟೇ ಆಂಪಿಯರಿನದ್ದೇ ಎಂಬುದಿಷ್ಟು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಟ್ಯಾಂಕನ್ನೇ ಕೆಳಗಿಳಿಸಿ ಪಂಪ್ ಹಾಕಿದ್ದರೆ ಟ್ಯಾಂಕಿಗೂ ಕಾರಿನ ತಳಕ್ಕೂ ನಡುವೆ ಪೈಪ್ ಸಿಕ್ಕಿಕೊಂಡು ಚಪ್ಪಟೆಯಾಗಿರುವ ಸಾಧ್ಯತೆಯನ್ನು ಮರೆಯಬಾರದು. ಕಾರಿನ ಒಳಗೆ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಉಳಿದ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿ ಮೊದಲು ಅದನ್ನು ಸರಿಪಡಿಸಬೇಕು.

ಒತ್ತಡದ ಅಳತೆ

ಈಗ ಮುಖ್ಯ ಹಂತ. 0ಯಿಂದ 7 ಬಾರ್ ತನಕ ತೋರಿಸುವ ಫ್ಯೂಯೆಲ್ ಪ್ರೆಶರ್ ಗೇಜ್ ಬೇಕು. ನಮ್ಮಲ್ಲಿ ಓಡುವ ಅನೇಕ ಸಣ್ಣ ಕಾರುಗಳ ಫ್ಯೂಯೆಲ್ ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಲ್ಲಿ) ಗೇಜ್ ಜೋಡಿಸುವ ವಾಲ್ವ್ ಇರುವುದಿಲ್ಲ. ಹೋಸ್ ಮತ್ತು ರೈಲಿನ ನಡುವೆ ಟಿ ಆಕಾರದ ಅಡಾಪ್ಟರನ್ನು ಕೂರಿಸಬೇಕಾಗುತ್ತದೆ. ಅದು ನಿಮ್ಮ ಕಾರಿನ ಪೈಪಿಗೆ ಸರಿಹೊಂದುವಂತಹದೇ ಆಗಿರಬೇಕು. ಹೇಗೋ ಕ್ಲಿಪ್ ಹಾಕಿ ಬಿಗಿದದ್ದು ಒತ್ತಡಕ್ಕೆ ಕಳಚಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮ್ಮುತ್ತದೆ.

ಎಷ್ಟು ಒತ್ತಡ ಬೇಕೆಂಬುದನ್ನು ಆಯಾ ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳುತ್ತದೆ. ಹಲವು ಎಂಪಿಎಫ್‌ಐ ಕಾರುಗಳಲ್ಲಿ ಅದು 3 ಬಾರ್, ಅಂದರೆ ಸುಮಾರು 43 ಪಿಎಸ್‌ಐ, ಕೆಲವುಗಳಲ್ಲಿ 3.5ರಿಂದ 4 ಬಾರ್. ನಿಮ್ಮ ಕಾರಿನಲ್ಲಿ ರೈಲಿನಿಂದ ಟ್ಯಾಂಕಿಗೆ ಹಿಂದಿರುಗುವ ಪೈಪ್ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ರಿಟರ್ನ್ ಪೈಪ್ ಇರುವ ಹಳೆಯ ವ್ಯವಸ್ಥೆಯಲ್ಲಿ ಒತ್ತಡವನ್ನು ನಿಯಂತ್ರಿಸುವ ಪ್ರೆಶರ್ ರೆಗ್ಯುಲೇಟರ್ ರೈಲಿನ ಮೇಲೆಯೇ ಇದ್ದು, ಮ್ಯಾನಿಫೋಲ್ಡಿನ ನಿರ್ವಾತಕ್ಕೆ ಸಣ್ಣ ಹೋಸಿನ ಮೂಲಕ ಜೋಡಣೆಯಾಗಿರುತ್ತದೆ. ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಆ ಹೋಸನ್ನು ತೆಗೆದರೆ ಒತ್ತಡ ಸುಮಾರು ಅರ್ಧ ಬಾರ್ ಏರಬೇಕು. ಹೋಸಿನೊಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರಿನ ಪದರ ಹರಿದಿದೆ. ಆಗ ಎಂಜಿನ್ನಿಗೆ ಪೆಟ್ರೋಲ್ ಅತಿಯಾಗಿ, ಕಪ್ಪು ಹೊಗೆಯೊಂದಿಗೆ ತಡವರಿಸುತ್ತದೆ. ರಿಟರ್ನ್ ಇಲ್ಲದ ವ್ಯವಸ್ಥೆಯಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೆ ಪಂಪಿನ ಜೊತೆಗೇ ಇರುವುದರಿಂದ ಒತ್ತಡ ಎಲ್ಲ ಹೊತ್ತಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಇರಬೇಕು.

ಗೇಜ್ ಜೋಡಿಸಿ ಬ್ಯಾಟರಿ ಟರ್ಮಿನಲ್ ಮತ್ತೆ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ಎರಡು ಮೂರು ಬಾರಿ ಆನ್ ಮಾಡಿ ಸೋರಿಕೆ ಇದೆಯೇ ಎಂದು ನೋಡಬೇಕು. ಸೋರಿಕೆ ಇಲ್ಲವೆಂದು ಖಚಿತವಾದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಐಡ್ಲಿಂಗ್‌ನ ಅಂಕಿಯನ್ನೂ, 3000 ಆರ್‌ಪಿಎಂನ ಅಂಕಿಯನ್ನೂ ಬರೆದುಕೊಳ್ಳಬೇಕು. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ ಒತ್ತಡ ಸರಿಯಿದೆಯೆಂದು ಹೇಳಿಬಿಡುತ್ತಾರೆ. ನಿಂತ ಕಾರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಕುಡಿಯುವ ಪೆಟ್ರೋಲಿಗೂ, ನಾಲ್ಕು ಜನರನ್ನು ಹೊತ್ತು ಅದೇ ಆರ್‌ಪಿಎಂನಲ್ಲಿ ಏರು ಹತ್ತುವಾಗ ಕುಡಿಯುವ ಪೆಟ್ರೋಲಿಗೂ ಹೋಲಿಕೆಯೇ ಇಲ್ಲ. ಬಳಲಿದ ಪಂಪ್, ಕಟ್ಟಿದ ಫಿಲ್ಟರ್, ಟ್ಯಾಂಕಿನೊಳಗೆ ಸೋರುವ ಪೈಪ್ ಇವು ಮೂರೂ ನಿಂತ ಕಾರಿನಲ್ಲಿ 3 ಬಾರ್ ತೋರಿಸಬಲ್ಲವು.

ಆದುದರಿಂದ ಗೇಜನ್ನು ಜೋಡಿಸಿಯೇ ಕಾರನ್ನು ಓಡಿಸಬೇಕು. ಗೇಜನ್ನು ಉದ್ದದ ಹೋಸಿನ ಮೂಲಕ ಬಾನೆಟ್ಟಿನ ಅಂಚಿನಿಂದ ಹೊರತಂದು, ಮುಂಗಾಜಿನ ಹೊರಬದಿಗೆ ಟೇಪಿನಿಂದ ಭದ್ರವಾಗಿ ಅಂಟಿಸಬೇಕು. ಒತ್ತಡದಲ್ಲಿರುವ ಪೆಟ್ರೋಲ್ ಹೋಸನ್ನು ಯಾವ ಕಾರಣಕ್ಕೂ ಕಾರಿನ ಒಳಗೆ ತರಬಾರದು. ಬಾನೆಟ್ ಹೋಸನ್ನು ಒತ್ತಿ ಹಿಸುಕದಂತೆ, ಹೋಸ್ ಸೈಲೆನ್ಸರಿನ ಕಡೆಗೆ ಜೋತುಬೀಳದಂತೆ ನೋಡಿಕೊಂಡು, ಜೊತೆಗೊಬ್ಬರನ್ನು ಗೇಜ್ ನೋಡಲು ಕೂರಿಸಿಕೊಳ್ಳಬೇಕು. ತಲಪಾಡಿಯಿಂದ ದಕ್ಷಿಣಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಈ ಪರೀಕ್ಷೆಗೆ ತಕ್ಕದ್ದಲ್ಲ. ಅಲ್ಲಿ ವೇಗ ಇದೆ, ಭಾರ ಇಲ್ಲ. ಉಪ್ಪಳದಿಂದ ಬಾಯಾರಿಗೆ, ಚೆರ್ಕಳದಿಂದ ಮುಳ್ಳೇರಿಯ, ಆದೂರಿನ ಕಡೆಗೆ ಹೋಗುವಂಥ ರಸ್ತೆಗಳಲ್ಲಿ, ವಾಹನ ಸಂಚಾರ ಕಡಿಮೆ ಇರುವ ಹೊತ್ತಿನಲ್ಲಿ, ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಉದ್ದದ ಏರನ್ನು ಪೂರ್ಣ ಆಕ್ಸಿಲರೇಟರಿನಲ್ಲಿ ಹತ್ತಿದರೆ ಕೆಲವೇ ಸೆಕೆಂಡುಗಳಲ್ಲಿ ಉತ್ತರ ಸಿಗುತ್ತದೆ.

ತಡವರಿಸುವ ಕ್ಷಣದಲ್ಲಿ ಗೇಜಿನ ಮುಳ್ಳು ಕೆಳಗಿಳಿದರೆ ದೋಷ ಪೆಟ್ರೋಲ್ ಪೂರೈಕೆಯಲ್ಲಿಯೇ ಇದೆ. ಮುಳ್ಳು ಅಲುಗಾಡದೆ ನಿಂತು ಎಂಜಿನ್ ಮಾತ್ರ ತಡವರಿಸಿದರೆ ಪಂಪ್, ಫಿಲ್ಟರ್, ರೆಗ್ಯುಲೇಟರ್ ಮೂರನ್ನೂ ಅನುಮಾನದಿಂದ ಬಿಡುಗಡೆ ಮಾಡಬಹುದು. ಮುಳ್ಳು ಮೆಲ್ಲಗೆ ಇಳಿಯುತ್ತ ಹೋಗುವುದು ಅಡಚಣೆಯ ಗುರುತು. ಒಮ್ಮೆಲೇ ಬಿದ್ದು ಏಳುವುದು ವಿದ್ಯುತ್ ಸಂಪರ್ಕದ ಅಥವಾ ಪಂಪ್ ಗಾಳಿ ಎಳೆಯುವುದರ ಗುರುತು.

ಎಂಜಿನ್ ನಿಲ್ಲಿಸಿದ ಬಳಿಕ ಒತ್ತಡ ಬೇಗನೆ ಇಳಿದರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವುದು) ಅಥವಾ ಇಂಜೆಕ್ಟರ್ ಸೋರುತ್ತಿರಬಹುದು. ಅದರಿಂದ ಬೆಳಗ್ಗೆ ಸೆಲ್ಫ್ ಉದ್ದ ಹೊಡೆಯಬೇಕಾಗುತ್ತದೆಯೇ ಹೊರತು ಓಡುವಾಗಿನ ತಡವರಿಕೆಗೆ ಅದು ಕಾರಣವಾಗುವುದು ಕಡಿಮೆ.

ಒತ್ತಡದ ಜೊತೆಗೆ ಪ್ರಮಾಣವನ್ನೂ ಅಳೆಯಬಹುದು. ರೈಲಿಗೆ ಬರುವ ಹೋಸನ್ನು ಪೆಟ್ರೋಲ್ ತಡೆಯುವ ಅಳತೆ ಪಾತ್ರೆಗೆ ಭದ್ರವಾಗಿ ಇಳಿಬಿಟ್ಟು, ಪಂಪನ್ನು 30 ಸೆಕೆಂಡು ಓಡಿಸಿದಾಗ ಅರ್ಧ ಲೀಟರಿನಷ್ಟಾದರೂ ಬರುವುದು ಸಾಮಾನ್ಯ ಸಣ್ಣ ಕಾರಿನಲ್ಲಿ ನಿರೀಕ್ಷಿಸಬೇಕಾದದ್ದು. ನಿಖರ ಅಂಕಿ ಮ್ಯಾನ್ಯುಯಲ್ಲಿನಲ್ಲಿರುತ್ತದೆ. ತೆರೆದ ಪೆಟ್ರೋಲನ್ನು ಒಳಗೊಂಡ ಪರೀಕ್ಷೆಯಾದುದರಿಂದ ಅಭ್ಯಾಸವಿಲ್ಲದವರು ಇದನ್ನು ಗ್ಯಾರೇಜಿನಲ್ಲಿ ಮಾಡಿಸುವುದೇ ಮೇಲು.

ಪಂಪಿಗೆ ಪೂರ್ಣ ವೋಲ್ಟೇಜ್ ಸಿಗುತ್ತಿದೆಯೇ

ಒತ್ತಡ ಇಳಿಯುವುದು ಕಂಡುಬಂದ ಮಾತ್ರಕ್ಕೆ ಪಂಪನ್ನು ಶಪಿಸಬಾರದು. ಪಂಪ್ ಒಂದು ಡಿಸಿ ಮೋಟಾರ್. ಅದಕ್ಕೆ ಸಿಗುವ ವೋಲ್ಟೇಜ್ ಇಳಿದರೆ ವೇಗ ಇಳಿಯುತ್ತದೆ, ವೇಗ ಇಳಿದರೆ ಪೂರೈಕೆ ಇಳಿಯುತ್ತದೆ. ಹೊಸ ಪಂಪ್ ಹಳೆಯದಕ್ಕಿಂತ ಹೆಚ್ಚು ಕರೆಂಟ್ ಎಳೆಯುವಂತಹದಾದರೆ, ಹಳೆಯ ಪಂಪಿನೊಂದಿಗೆ ಹೇಗೋ ಸಾಗಿಸಿಕೊಂಡು ಬಂದ ಸವೆದ ಕಪ್ಲರ್ ಈಗ ಸೋಲುತ್ತದೆ. ಪಂಪ್ ಬದಲಾಯಿಸಿದ ಬಳಿಕವೇ ತಡವರಿಕೆ ಹುಟ್ಟಿದ ಕಾರುಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ.

ಅಳೆಯುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಕಪ್ಲರನ್ನು ಕಳಚಿ, ಬರಿಯ ವೈರಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ, ಒಂದೇ ಎಳೆ ತಾಮ್ರ ಉಳಿದಿರುವ ವೈರಿನಲ್ಲಿಯೂ 12 ವೋಲ್ಟ್ ಕಾಣಿಸುತ್ತದೆ, ಏಕೆಂದರೆ ಮೀಟರಿಗೆ ಕರೆಂಟೇ ಬೇಕಾಗಿಲ್ಲ. ಪಂಪ್ ಓಡುತ್ತಿರುವಾಗ, ಕಪ್ಲರ್ ಜೋಡಿಸಿಯೇ ಇರುವಾಗ, ಅದರ ಹಿಂಬದಿಯಿಂದ ತೆಳ್ಳಗಿನ ಪಿನ್ ತೂರಿಸಿ ಅಳೆದ ಅಂಕಿ ಮಾತ್ರ ನಂಬಿಕೆಗೆ ಅರ್ಹ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಇರುತ್ತದೆ. ಪಂಪಿನ ಕಪ್ಲರಿನಲ್ಲಿ ಅದಕ್ಕಿಂತ ಅರ್ಧ ವೋಲ್ಟಿಗೂ ಮಿಕ್ಕಿದ ಇಳಿಕೆ ಇರಬಾರದು. ಅಷ್ಟು ಇಳಿಕೆ ಕಂಡರೆ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಪಂಪಿನ ಅರ್ತ್ ವೈರಿಗೆ ಹಿಡಿಯಬೇಕು. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ತ್ ಕೆಟ್ಟಿದೆ. ಅರ್ತ್ ಸರಿಯಿದ್ದರೆ ಧನ ಬದಿಯಲ್ಲಿ ರಿಲೇಯ ಒಳಬದಿ, ಹೊರಬದಿ, ಮಧ್ಯದ ಕಪ್ಲರ್ ಎಂದು ಒಂದೊಂದೇ ಕಡೆ ಅಳೆಯುತ್ತ ಬಂದರೆ ವೋಲ್ಟೇಜ್ ಎಲ್ಲಿ ಕಳೆದುಹೋಗುತ್ತಿದೆಯೆಂದು ತಿಳಿಯುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಪಂಪಿನ ವೇಗವನ್ನು ಪ್ರತ್ಯೇಕ ಕಂಟ್ರೋಲರ್ ನಿಯಂತ್ರಿಸುವುದರಿಂದ ಅಲ್ಲಿ ಸಾಮಾನ್ಯ ಮಲ್ಟಿಮೀಟರಿನ ಅಂಕಿ ದಾರಿ ತಪ್ಪಿಸಬಹುದು.

ಕಡಲ ಬದಿಯ ಉಪ್ಪು ಗಾಳಿ, ಮಳೆಗಾಲದ ತೇವ ಎರಡೂ ಸೇರಿ ಅರ್ತ್ ಬೋಲ್ಟುಗಳಿಗೆ ತುಕ್ಕು ಹಿಡಿಸುತ್ತವೆ. ತೋಟದ ಮನೆಗಳಲ್ಲಿ ಇನ್ನೊಂದು ಕಾಟ ಇಲಿಯದ್ದು. ಹಿಂದಿನ ಸೀಟಿನ ಕೆಳಗಿನ ವೈರನ್ನು ಅರ್ಧ ಕಚ್ಚಿ ಬಿಟ್ಟಿದ್ದರೆ ಪಂಪ್ ಓಡುತ್ತದೆ, ಭಾರ ಬಿದ್ದಾಗ ಸೋಲುತ್ತದೆ. ಸೀಟನ್ನು ಎತ್ತಿ ವೈರನ್ನು ಉದ್ದಕ್ಕೂ ಕೈಯಾಡಿಸಿ ನೋಡಬೇಕು. ಕಪ್ಲರಿನ ಪ್ಲಾಸ್ಟಿಕ್ ಕಂದಿದ್ದರೆ, ಕರಗಿದ್ದರೆ, ಒಳಗಿನ ಪಿನ್ ಸಡಿಲವಾಗಿದೆಯೆಂದು ತಿಳಿದು ಅದನ್ನೇ ಬದಲಾಯಿಸಬೇಕು. ವೈರುಗಳನ್ನು ಬರಿದೇ ತಿರುಚಿ ಟೇಪ್ ಸುತ್ತುವುದು ಪೆಟ್ರೋಲ್ ಟ್ಯಾಂಕಿನ ಮೇಲೆ ಎಂದಿಗೂ ಸಲ್ಲದು.

ಕ್ಲಾಂಪ್ ಮೀಟರ್ ಇದ್ದರೆ ಕರೆಂಟನ್ನೂ ನೋಡಬಹುದು. ಸಣ್ಣ ಕಾರುಗಳ ಪಂಪ್ ಸಾಮಾನ್ಯವಾಗಿ 4ರಿಂದ 7 ಆಂಪಿಯರ್ ಎಳೆಯುತ್ತದೆ. ಒತ್ತಡ ಕಡಿಮೆಯಿದ್ದು ಕರೆಂಟ್ ಅತಿಯಾಗಿದ್ದರೆ ಪಂಪ್ ಅಡಚಣೆಯ ವಿರುದ್ಧ ಹೆಣಗುತ್ತಿದೆ ಅಥವಾ ಒಳಗೆ ಬಿಗಿಯಾಗಿದೆ. ಎರಡೂ ಕಡಿಮೆಯಿದ್ದರೆ ಪೆಟ್ರೋಲ್ ಟ್ಯಾಂಕಿನೊಳಗೇ ಸೋರುತ್ತಿದೆ ಅಥವಾ ವಿದ್ಯುತ್ ಸಾಲುತ್ತಿಲ್ಲ.

ಟ್ಯಾಂಕನ್ನು ಮತ್ತೆ ತೆರೆಯುವಾಗ

ವೋಲ್ಟೇಜ್ ಪೂರ್ಣವಾಗಿ ಸಿಕ್ಕಿಯೂ ಒತ್ತಡ ಇಳಿಯುತ್ತಿದ್ದರೆ, ಟ್ಯಾಂಕಿನ ಹೊರಗೆ ಬೇರೆ ಫಿಲ್ಟರ್ ಇರುವ ಕಾರಿನಲ್ಲಿ ಮೊದಲು ಅದನ್ನು ಬದಲಾಯಿಸಬೇಕು; ಅದಾದ ಮೇಲೆಯೇ ಟ್ಯಾಂಕ್ ತೆರೆಯಬೇಕು. ಟ್ಯಾಂಕ್ ಅರ್ಧಕ್ಕಿಂತ ಕೆಳಗಿರಲಿ. ತುಂಬಿದ್ದರೆ ಮುಚ್ಚಳದ ಬಾಯಿಂದಲೇ ಪೆಟ್ರೋಲ್ ತುಳುಕುತ್ತದೆ. ಮುರಕಲ್ಲಿನ ಕೆಂಪು ಧೂಳು ಪಂಪಿನ ಮುಚ್ಚಳದ ಸುತ್ತ ದಪ್ಪಗೆ ಕೂತಿರುತ್ತದೆ. ಅದನ್ನು ಬ್ರಷ್ಷಿನಿಂದ ಮತ್ತು ಒದ್ದೆ ಬಟ್ಟೆಯಿಂದ ಪೂರ್ತಿ ತೆಗೆಯದೆ ಬಿಚ್ಚಿದರೆ ಎಲ್ಲವೂ ಟ್ಯಾಂಕಿನೊಳಗೆ ಬೀಳುತ್ತದೆ. ಹಿಂದಿನ ಬಾರಿ ಹಾಗೆ ಆಗಿದ್ದರೆ ಹೊಸ ಜಾಳಿಗೆ ಕೆಲವೇ ದಿನಗಳಲ್ಲಿ ಕಟ್ಟಿಕೊಂಡದ್ದಕ್ಕೆ ಕಾರಣ ಅದೇ. ಲಾಕ್ ರಿಂಗನ್ನು ಸಡಿಲಿಸಲು ಕಬ್ಬಿಣದ ಉಳಿಯ ಬದಲು ಹಿತ್ತಾಳೆಯ ಅಥವಾ ಮರದ ತುಂಡನ್ನು ಬಳಸಿದರೆ ಕಿಡಿ ಹಾರುವುದಿಲ್ಲ.

ಪಂಪ್ ಜೋಡಣೆಯನ್ನು ಹೊರತೆಗೆದ ಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬೇಕು. ಪಂಪಿನ ಬಾಯಿಂದ ಮುಚ್ಚಳಕ್ಕೆ ಹೋಗುವ ಸುಕ್ಕು ಸುಕ್ಕಿನ ಪ್ಲಾಸ್ಟಿಕ್ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೂ ಪೆಟ್ರೋಲ್ ಟ್ಯಾಂಕಿನೊಳಗೇ ಚಿಮ್ಮಿ, ಭಾರ ಹೆಚ್ಚಾದಂತೆ ಒತ್ತಡ ಕುಸಿಯುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅಲ್ಲಿ ಸಾಮಾನ್ಯ ರಬ್ಬರ್ ಹೋಸಿನ ತುಂಡನ್ನು ಹಾಕಿದ್ದರೆ ಅದು ಪೆಟ್ರೋಲಿನಲ್ಲಿ ಮುಳುಗಿ ಉಬ್ಬಿ ಸಡಿಲವಾಗಿರುತ್ತದೆ. ಮುಳುಗಿರಲು ಯೋಗ್ಯವಾದ ಹೋಸೇ ಬೇರೆ. ರೆಗ್ಯುಲೇಟರಿನ ಓ-ರಿಂಗ್ ಹರಿದಿದೆಯೇ, ಹಳೆಯದರ ಮೇಲೆಯೇ ಹೊಸದನ್ನು ಕೂರಿಸಿದ್ದಾರೆಯೇ, ಜಾಳಿಗೆ ಮಡಿಚಿಕೊಂಡು ಪಂಪಿನ ಬಾಯಿಯನ್ನೇ ಮುಚ್ಚಿದೆಯೇ ಎಂದು ಪರೀಕ್ಷಿಸಬೇಕು. ಹೊಸ ಪಂಪನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ, ಬಾಯಿಯ ಅಳತೆ, ಪಾರ್ಟ್ ನಂಬರ್ ಹೋಲಿಸುವುದು ಅಗತ್ಯ. ಮೇಲ್ನೋಟಕ್ಕೆ ಒಂದೇ ಆಗಿ ಕಾಣುವ ಪಂಪುಗಳ ಒತ್ತಡ, ಪೂರೈಕೆ ಬೇರೆಯಾಗಿರಬಹುದು. ಪಂಪ್ ಗಿಡ್ಡದಾಗಿದ್ದರೆ ಜಾಳಿಗೆ ತಳಕ್ಕೆ ತಾಗದು. ಪೆಟ್ರೋಲ್ ಕಡಿಮೆಯಿರುವಾಗ ಮಾತ್ರ ತಡವರಿಸುವ ಕಾರಿನಲ್ಲಿ ಇದೇ ಸಂಗತಿ.

ಮತ್ತೆ ಜೋಡಿಸುವಾಗ ಮುಚ್ಚಳದ ಗ್ಯಾಸ್ಕೆಟ್ ಹೊಸದಾಗಿರಬೇಕು, ಮುಚ್ಚಳದ ಮೇಲಿನ ಬಾಣದ ಗುರುತು ಟ್ಯಾಂಕಿನ ಗುರುತಿಗೆ ಸರಿಹೊಂದಬೇಕು, ಪೆಟ್ರೋಲ್ ಮಟ್ಟ ತೋರಿಸುವ ತೇಲುಬುರುಡೆಯ ತಂತಿ ಬಾಗಬಾರದು.

ಪೆಟ್ರೋಲನ್ನೂ ಪರೀಕ್ಷಿಸಿ

ಟ್ಯಾಂಕ್ ತೆರೆದಾಗ ತಳದಿಂದ ತೆಗೆದ ಸ್ವಲ್ಪ ಪೆಟ್ರೋಲನ್ನು ಸ್ವಚ್ಛವಾದ ಗಾಜಿನ ಬಾಟಲಿಯಲ್ಲಿ ಹದಿನೈದು ನಿಮಿಷ ಅಲುಗಾಡಿಸದೆ ಇಟ್ಟರೆ ನೀರಿದ್ದಲ್ಲಿ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದು ಈಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ನೀರನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ; ಆ ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರ್ಪಟ್ಟು, ಪಂಪಿನ ಬಾಯಿ ಇರುವ ತಳಭಾಗದಲ್ಲಿಯೇ ನಿಲ್ಲುತ್ತವೆ. ಮಳೆಗಾಲದಲ್ಲಿ ವಾರಗಟ್ಟಲೆ ಓಡಿಸದೆ ಅರೆಖಾಲಿ ಟ್ಯಾಂಕಿನೊಂದಿಗೆ ನಿಲ್ಲಿಸಿದ ಕಾರಿನಲ್ಲಿ ಈ ಸಾಧ್ಯತೆ ಹೆಚ್ಚು. ಹಳೆಯ ಕಾರುಗಳ ಕೆಲವು ರಬ್ಬರ್ ಭಾಗಗಳು ಎಥನಾಲಿನಿಂದ ಮೆತ್ತಗಾಗಿ ಚೂರುಗಳು ಜಾಳಿಗೆಗೆ ಬಂದು ಸೇರುವುದೂ ಉಂಟು. ನೀರು ಕಂಡರೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಒರೆಸಬೇಕು. ಮೇಲಿನಿಂದ ಹೊಸ ಪೆಟ್ರೋಲ್ ಸುರಿದು ಸರಿದೂಗಿಸುವ ಉಪಾಯ ಫಲಿಸದು.

ಒತ್ತಡ ಸರಿಯಿದ್ದೂ ತಡವರಿಸಿದರೆ

ಭಾರ ಬಿದ್ದಾಗಲೂ ಒತ್ತಡ ಇಳಿಯದಿದ್ದರೆ, ಎಂಜಿನ್ನಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಸ್ಕ್ಯಾನರ್ ಬೇಕು. 2013ರ ಏಪ್ರಿಲ್ ನಂತರ ತಯಾರಾದ ಕಾರುಗಳಲ್ಲಿ ದೋಷಗಳನ್ನು ತಾನೇ ಗುರುತಿಸಿ ದಾಖಲಿಸುವ ಒಬಿಡಿ-2 ವ್ಯವಸ್ಥೆ ಇದ್ದು, ಡ್ಯಾಶ್‌ಬೋರ್ಡಿನ ಕೆಳಗೆ ಚಾಲಕನ ಬದಿಯಲ್ಲಿ 16 ಪಿನ್ನಿನ ಸಾಕೆಟ್ ಸಿಗುತ್ತದೆ. ದೋಷದ ಕೋಡುಗಳಿಗಿಂತ ಹೆಚ್ಚು ಮಾತನಾಡುವುದು ಫ್ಯೂಯೆಲ್ ಟ್ರಿಮ್ ಎಂಬ ಅಂಕಿ. ಎಂಜಿನ್ನಿನ ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಯಿತು ಎಂಬುದನ್ನು ಅದು ಹೇಳುತ್ತದೆ. ಧನ 10ರಿಂದ ಋಣ 10ರ ಒಳಗಿದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಧನ 15 ಅಥವಾ 20 ಇದ್ದು 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ಮ್ಯಾನಿಫೋಲ್ಡಿನ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಬರುತ್ತಿದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ಭಾರದೊಂದಿಗೆ ಧನ ದಿಕ್ಕಿನಲ್ಲಿ ಏರುತ್ತ ಹೋದರೆ, ಒತ್ತಡ ಸರಿಯಿದೆಯೆಂದು ಈಗಾಗಲೇ ತಿಳಿದಿರುವುದರಿಂದ, ಗಾಳಿಯನ್ನು ಅಳೆಯುವ ಸೆನ್ಸರ್ ಕೊಳಕಾಗಿದೆ ಅಥವಾ ಇಂಜೆಕ್ಟರುಗಳು ಕಟ್ಟಿಕೊಂಡಿವೆ. ಒತ್ತಡ ಅಳೆಯದೆ ಟ್ರಿಮ್ ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಪೂರ್ಣ ಆಕ್ಸಿಲರೇಟರಿನಲ್ಲಿ ಕಂಪ್ಯೂಟರ್, ಹೊಗೆಯಲ್ಲಿನ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ಮಾತನ್ನು ಕೇಳುವುದನ್ನು ನಿಲ್ಲಿಸುವುದರಿಂದ ಆ ಹೊತ್ತಿನಲ್ಲಿ ಟ್ರಿಮ್ ನಂಬುವಂತಿಲ್ಲ. ಆಗ ಮುಂಭಾಗದ ಸಾಮಾನ್ಯ ಆಕ್ಸಿಜನ್ ಸೆನ್ಸರಿನ ವೋಲ್ಟೇಜನ್ನು ನೋಡಬೇಕು. ಅದು 0.8 ವೋಲ್ಟಿನ ಮೇಲೆ ನಿಂತರೆ ಪೆಟ್ರೋಲ್ ಸಾಕಷ್ಟಿದೆ, 0.2ರ ಕಡೆಗೆ ಜಾರಿದರೆ ಕೊರತೆಯಾಗಿದೆ.

ಥ್ರಾಟಲ್ ಸೆನ್ಸರನ್ನು ಪರೀಕ್ಷಿಸಲು ಎಂಜಿನ್ ನಿಲ್ಲಿಸಿ ಕೀ ಆನ್ ಮಾಡಿ, ಪೆಡಲನ್ನು ಬಹಳ ನಿಧಾನವಾಗಿ ಒತ್ತುತ್ತ ಸ್ಕ್ಯಾನರಿನಲ್ಲಿ ಶೇಕಡಾವಾರು ಅಂಕಿ ಜಿಗಿಯದೆ ಏರುವುದನ್ನು ನೋಡಬೇಕು. ಮಿಸ್‌ಫೈರ್ ಕೋಡ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದ ದೋಷದ ಗುರುತು) ಯಾವುದೋ ಒಂದೇ ಸಿಲಿಂಡರನ್ನು ಹೆಸರಿಸಿದರೆ ಅದರ ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಾಯಿಸಿ ಓಡಿಸಬೇಕು. ಕೋಡ್ ಕಾಯಿಲನ್ನು ಹಿಂಬಾಲಿಸಿದರೆ ಕಾಯಿಲ್ ಕೆಟ್ಟಿದೆ. ಪೂರೈಕೆಯ ದೋಷ ಸಾಮಾನ್ಯವಾಗಿ ಎಲ್ಲ ಸಿಲಿಂಡರುಗಳನ್ನೂ ಒಟ್ಟಿಗೆ ಬಾಧಿಸುತ್ತದೆ. ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದ್ದರೆ ಪೆಟ್ರೋಲ್ ತುಂಬಿಸಿದ ಕೂಡಲೇ ತಡವರಿಕೆ ಹೆಚ್ಚುತ್ತದೆ; ಅದರ ಹೋಸನ್ನು ಪರೀಕ್ಷೆಗಾಗಿ ಮುಚ್ಚಿದಾಗ ಎಂಜಿನ್ ಸುಧಾರಿಸಿದರೆ ಉತ್ತರ ಸಿಕ್ಕಿದಂತೆ.

ಕಂಪ್ಯೂಟರಿನ ಹಳೆಯ ನೆನಪು

ಹಳೆಯ ಪಂಪ್ ತಿಂಗಳುಗಟ್ಟಲೆ ಕಡಿಮೆ ಒತ್ತಡ ಕೊಡುತ್ತಿದ್ದರೆ ಕಂಪ್ಯೂಟರ್ ಇಂಜೆಕ್ಟರುಗಳನ್ನು ಹೆಚ್ಚು ಹೊತ್ತು ತೆರೆಯಲು ಕಲಿತಿರುತ್ತದೆ. ಹೊಸ ಪಂಪಿನ ಪೂರ್ಣ ಒತ್ತಡದ ಮೇಲೂ ಅದೇ ಲೆಕ್ಕ ಮುಂದುವರಿದಾಗ ಕೆಲವು ಕಾಲ ಪೆಟ್ರೋಲ್ ಅತಿಯಾಗಿ ವಾಸನೆ, ಕಪ್ಪು ಹೊಗೆ, ಪೆಡಲ್ ಒತ್ತಿದಾಗ ಮಂದತನ ಕಾಣಿಸುತ್ತದೆ. ಟ್ರಿಮ್ ಅಂಕಿ ದೊಡ್ಡ ಋಣವಾಗಿದ್ದು ದಿನದಿಂದ ದಿನಕ್ಕೆ ಸೊನ್ನೆಯ ಕಡೆಗೆ ಸರಿಯುತ್ತಿದ್ದರೆ ಏನನ್ನೂ ಬಿಚ್ಚಬೇಕಾಗಿಲ್ಲ. ಸ್ಕ್ಯಾನರಿನಿಂದ ಕಲಿಕೆಯ ಅಂಕಿಗಳನ್ನು ಅಳಿಸಿದರೆ ಇದು ಬೇಗ ಮುಗಿಯುತ್ತದೆ. ಬ್ಯಾಟರಿ ಟರ್ಮಿನಲ್ ತೆಗೆದು ಹಾಕಿದ ಕಾರುಗಳಲ್ಲಿ ಐಡ್ಲಿಂಗ್ ಕೂಡ ಹೊಸದಾಗಿ ಕಲಿಯಬೇಕಾಗುತ್ತದೆ. ಎಲ್ಲ ಲೈಟುಗಳನ್ನೂ ಎಸಿಯನ್ನೂ ಆಫ್ ಮಾಡಿ ಹತ್ತು ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು, ಆಮೇಲೆ ವಿವಿಧ ವೇಗಗಳಲ್ಲಿ ಓಡಿಸುವುದು ಹೆಚ್ಚಿನ ಕಾರುಗಳಿಗೆ ಸಾಕು.

ದುರಸ್ತಿಯ ಬಳಿಕ

ಕಾರಣ ಸಿಕ್ಕಿ ಸರಿಪಡಿಸಿದ ಮೇಲೆ ಮೊದಲು ತಡವರಿಸಿದ ಅದೇ ಏರಿನಲ್ಲಿ, ಅದೇ ಗೇರಿನಲ್ಲಿ, ಸಾಧ್ಯವಾದರೆ ಟ್ಯಾಂಕಿನಲ್ಲಿ ಅಷ್ಟೇ ಪೆಟ್ರೋಲ್ ಇರುವಾಗ ಗೇಜ್ ಜೋಡಿಸಿಕೊಂಡೇ ಮತ್ತೊಮ್ಮೆ ಓಡಿಸಬೇಕು. ಮೊದಲಿನ ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆದಿಟ್ಟುಕೊಂಡರೆ, ಪಂಪೇ ದೋಷಯುಕ್ತವಾಗಿದ್ದ ಪಕ್ಷದಲ್ಲಿ ಬಿಲ್ಲಿನೊಂದಿಗೆ ಅದನ್ನು ಅಂಗಡಿಯವರ ಮುಂದೆ ಇಡಬಹುದು. ‘ಗಾಡಿ ಎಳೆಯುವುದಿಲ್ಲ’ ಎಂಬ ಮಾತಿಗಿಂತ ‘ಕಪ್ಲರಿನಲ್ಲಿ 13.6 ವೋಲ್ಟ್ ಇರುವಾಗ ಏರಿನಲ್ಲಿ ಒತ್ತಡ 3 ಬಾರ್‌ನಿಂದ 1.8 ಬಾರ್‌ಗೆ ಇಳಿಯುತ್ತದೆ’ ಎಂಬ ಮಾತಿಗೆ ಅವರು ಉತ್ತರ ಕೊಡಲೇಬೇಕಾಗುತ್ತದೆ. ಗೇಜ್ ತೆಗೆದ ಮೇಲೆ ಹೋಸಿನ ಕ್ಲಿಪ್ಪುಗಳು ಕೂತ ಸದ್ದನ್ನು ಕೇಳಿ, ಕೈಯಿಂದ ಎಳೆದು ನೋಡಿ, ಎಂಜಿನ್ ಓಡುವಾಗ ಜೋಡಣೆಗಳೆಲ್ಲ ಒಣಗಿರುವುದನ್ನು ಕಣ್ಣಾರೆ ಕಂಡ ಬಳಿಕ ಬಾನೆಟ್ ಮುಚ್ಚಬೇಕು. ಮುಂದಿನ ಬಾರಿ ಟ್ಯಾಂಕ್ ಪೂರ್ತಿ ತುಂಬಿಸಿದ ದಿನ ಹಿಂದಿನ ಸೀಟನ್ನು ಎತ್ತಿ ಪಂಪಿನ ಮುಚ್ಚಳದ ಸುತ್ತ ಬೆರಳಾಡಿಸಿ ನೋಡಬೇಕು, ಏಕೆಂದರೆ ಅರ್ಧ ಟ್ಯಾಂಕಿನಲ್ಲಿ ತೋರದ ಗ್ಯಾಸ್ಕೆಟ್ ಸೋರಿಕೆ ತುಂಬಿದ ಟ್ಯಾಂಕಿನಲ್ಲಿ ಮಾತ್ರ ಹೊರಗೆ ಬರುತ್ತದೆ.